ನೂರ ನಾಲ್ಕು ಸುತ್ತು ಹಿಂದೆ

ಪಂಪ್‌ಹೌಸಿನ ಮೇಜಿನ ಮೇಲೆ ಎರಡು ಕಂಪ್ಯೂಟರುಗಳನ್ನು ಅಕ್ಕಪಕ್ಕ ಇಟ್ಟದ್ದು ಶನಿವಾರ ಬೆಳಿಗ್ಗೆ. ಎಡಗಡೆಯದು ಹಳೆಯದು. ಅದರೊಳಗಿನ ಫ್ಯಾನು ನಿಂತುಹೋಗಿ, ಪಕ್ಕೆಯ ತಗಡು ಕಳಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟಿದ್ದರು. ತಿರುಪುಗಳ ಮೇಲೆ ಉಪ್ಪು ಬಿಳಿಯಾಗಿ ಕೂತಿತ್ತು. ಬಲಗಡೆಯದು ನಾನು ತಂದದ್ದು. ಶುಕ್ರವಾರದವರೆಗೆ ಎರಡೂ ಒಟ್ಟಿಗೆ ಓಡಬೇಕು, ಎರಡರ ಪರದೆಯೂ ಒಂದೇ ತೋರಿಸಬೇಕು. ತೋರಿಸಿದರೆ ನಾನು ಸಹಿ ಮಾಡುತ್ತೇನೆ, ನೀರಿನ ಇಲಾಖೆಯವರು ಗೇಟಿನ ತಂತಿಯನ್ನು ಹಳೆಯದರಿಂದ ಬಿಚ್ಚಿ ಹೊಸದಕ್ಕೆ ಜೋಡಿಸುತ್ತಾರೆ. ಕೆಲಸ ಇಷ್ಟೇ.

ಮೊದಲ ದಿನವೇ ಎರಡೂ ಬೇರೆ ಬೇರೆ ತೋರಿಸಿದವು.

ನಮ್ಮ ಊರು ತಂಬಾಕ್ ವಾರು ಸಮುದ್ರಕ್ಕಿಂತ ಕೆಳಗಿದೆ. ಮೊದಲು ಹೀಗಿರಲಿಲ್ಲ. ಜಾವಾದ ಈ ಉತ್ತರ ಕರಾವಳಿಯುದ್ದಕ್ಕೂ ನೆಲ ವರ್ಷಕ್ಕೆ ನಾಲ್ಕು ಬೆರಳು ಕುಸಿಯುತ್ತದೆ. ಜನ ಮಣ್ಣು ತುಂಬಿ ಮನೆಯೊಳಗಿನ ನೆಲ ಎತ್ತರಿಸುತ್ತಾರೆ, ಬಾಗಿಲು ಗಿಡ್ಡವಾಗುತ್ತದೆ. ನನ್ನ ಮನೆಯ ಕಿಟಕಿ ಈಗ ನನ್ನ ಮೊಣಕಾಲಿಗಿದೆ. ಕಾಲುವೆಯ ಕೊನೆಗೆ ಕಬ್ಬಿಣದ ಗೇಟು. ಸಮುದ್ರ ಇಳಿದಾಗ ಅದನ್ನು ಎತ್ತಿದರೆ ಕಾಲುವೆಯ ನೀರು ತಾನಾಗಿ ಹೊರಗೆ ಹೋಗುತ್ತದೆ. ಉಬ್ಬರ ಬಂದಾಗ ಇಳಿಸಿ ಪಂಪು ಹಾಕಬೇಕು. ಯಾವಾಗ ಎತ್ತುವುದು, ಯಾವಾಗ ಇಳಿಸುವುದು ಎಂದು ಎಡಗಡೆಯ ಕಂಪ್ಯೂಟರು ಲೆಕ್ಕ ಹಾಕುತ್ತದೆ. ಹಾಕಿ, ಮೋಟರಿಗೆ ಹೇಳಿ, ತಾನೇ ಮಾಡಿಸುತ್ತದೆ.

ಅದರ ಪರದೆಯ ಮೇಲಿನ ನಿಯಂತ್ರಣ ಫಲಕವನ್ನು ಹದಿಮೂರು ವರ್ಷದ ಹಿಂದೆ ಒಂದು ಗುತ್ತಿಗೆ ಕಂಪನಿ ಫ್ಲ್ಯಾಶ್ ಎಂಬ ತಂತ್ರಾಂಶದಲ್ಲಿ ಮಾಡಿಕೊಟ್ಟಿತ್ತು. ಬ್ರೌಸರಿನೊಳಗೆ ತೆರೆದುಕೊಳ್ಳುವ ಬಣ್ಣದ ಚಿತ್ರ: ನೀಲಿ ಕಾಲುವೆ, ಬೂದು ಗೇಟು, ಹಸಿರು ಮತ್ತು ಕೆಂಪು ದೀಪ, ಕೆಳಗೆ ಹಾವಿನಂತೆ ಹರಿಯುವ ಉಬ್ಬರದ ಗೆರೆ. ಗುತ್ತಿಗೆ ಕಂಪನಿ ಈಗಿಲ್ಲ. ಫ್ಲ್ಯಾಶ್ ಕೂಡ ಇಲ್ಲ. ಅದರಲ್ಲಿ ಕಳ್ಳರು ನುಗ್ಗುವ ತೂತುಗಳು ಬಹಳವಿದ್ದವು; ಮಾಡಿದವರೇ ಜನವರಿಯ ಒಂದು ದಿನ ಗೊತ್ತುಮಾಡಿ, ಅಂದಿನಿಂದ ಅದು ಎಲ್ಲಿಯೂ ತೆರೆಯದಂತೆ ಒಳಗೇ ಬೀಗ ಇಟ್ಟಿದ್ದರು.

ಆ ದಿನ ಬಂದಾಗ ಪಂಪ್‌ಹೌಸಿನ ಪರದೆ ಬಿಳಿಚಿಕೊಂಡಿತು. ನನ್ನ ಗಂಡ ಸೆಂಬೊದೊ ಅಲ್ಲಿ ಆಪರೇಟರ್ ಆಗಿದ್ದ. ಅವನು ಎರಡು ಕೆಲಸ ಮಾಡಿದ. ಮೇಣದಬತ್ತಿ ಕರಗಿಸಿ ಕಂಪ್ಯೂಟರಿನ ನೆಟ್‌ವರ್ಕ್ ತೂತಿಗೆ ಸುರಿದ, ಹೊರಗಿನಿಂದ ಯಾರೂ ಒಳಗೆ ಬರಬಾರದೆಂದು. ಆಮೇಲೆ ಅದರ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದ. ತಾರೀಖು ಹಿಂದಿನದಾದರೆ, ತನ್ನ ದಿನ ಬಂದಿದೆ ಎಂದು ಬೀಗಕ್ಕೆ ತಿಳಿಯುವುದಿಲ್ಲ. ಚಿತ್ರ ಮತ್ತೆ ಬಂತು. ಇಲಾಖೆಯವರು ಬೆನ್ನು ತಟ್ಟಿದರು.

ಅದಾದ ಮೇಲಿನ ಡಿಸೆಂಬರಿನಲ್ಲಿ, ಒಂದು ನಸುಕಿಗೆ, ಸಮುದ್ರ ಗೇಟು ದಾಟಿ ಒಳಗೆ ಬಂತು. ಎದೆಮಟ್ಟ. ಮ್ಬಾಹ್ ಸಾರಿನೆಮ್ ಎಂಬ ಅಜ್ಜಿ ಮಂಚದಿಂದ ಏಳಲಾಗದೆ ಸತ್ತಳು. ಸೆಂಬೊದೊ ಎರಡು ದಿನ ಆ ನೀರಿನಲ್ಲಿ ಜನರನ್ನು ಹೊತ್ತ. ಅಜ್ಜಿಯನ್ನೂ ಅವನೇ ಹೊತ್ತು ತಂದ. ಹತ್ತನೆಯ ದಿನ ಅವನಿಗೆ ಜ್ವರ ಬಂತು. ಇಲಿಜ್ವರ ಎಂದರು. ಐದು ದಿನದಲ್ಲಿ ಮುಗಿಯಿತು. ಪಂಪ್‌ಹೌಸಿಗೆ ಹೋಗುವ ಓಣಿಗೆ ಈಗ ಅವನ ಹೆಸರಿದೆ. ನಾನು ದಿನಾ ಅದರಲ್ಲಿ ನಡೆದು ಬರುತ್ತೇನೆ.

ನಾನು ಓದಿದ್ದು ಕಂಪ್ಯೂಟರ್. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಹಳೆಯ ಫೈಲುಗಳನ್ನು ಈಗಿನ ಯಂತ್ರಗಳಲ್ಲಿ ತೆರೆಯುವ ಹಾಗೆ ಮಾಡುವುದು ನನ್ನ ಕೆಲಸವಾಗಿತ್ತು. ಹಳೆಯ ಕಂಪ್ಯೂಟರು ಸಾಯುತ್ತಿದೆ ಎಂದಾಗ ಇಲಾಖೆಯವರು ನನ್ನನ್ನು ಕರೆದರು. ಡಿಸ್ಕಿನ ನಕಲು ತೆಗೆದೆ. ಹೊಸ ಯಂತ್ರದೊಳಗೆ ಇನ್ನೊಂದು ಮುಚ್ಚಿದ ಯಂತ್ರ ಕಟ್ಟಿ, ಹೊರಗಿನ ದಾರಿಗಳನ್ನೆಲ್ಲ ಮುಚ್ಚಿ, ಅದರೊಳಗೆ ಫ್ಲ್ಯಾಶ್ ಇಲ್ಲದೆಯೇ ಫ್ಲ್ಯಾಶಿನ ಚಿತ್ರವನ್ನು ಓದಬಲ್ಲ ಒಂದು ತಂತ್ರಾಂಶ ಹಾಕಿದೆ. ಅದಕ್ಕೆ ಬೀಗವೂ ಇಲ್ಲ, ಗೊತ್ತುಮಾಡಿದ ದಿನವೂ ಇಲ್ಲ. ಹಾಗಾಗಿ ಗಡಿಯಾರದಲ್ಲಿ ಇವತ್ತಿನ ತಾರೀಖನ್ನೇ ಇಟ್ಟೆ.

"ಏನ್ ಮ್ಬಾಕ್ ವೆನಿಂಗ್, ಎರಡೆರಡು ಟೀವಿ ಹಾಕ್ಕೊಂಡು ಕೂತಿದೀಯ? ಯಾವ ಧಾರಾವಾಹಿ?" ಎಂದಳು ಯು ಲಸ್ಮಿ, ಕಿಟಕಿಯಲ್ಲಿ ತಲೆ ಹಾಕಿ. ಇಲ್ಲಿ ಮ್ಬಾಕ್ ಎಂದರೂ ಯು ಎಂದರೂ ಅಕ್ಕ. ಡಿಸೆಂಬರಿನಲ್ಲಿ ಸತ್ತ ಅಜ್ಜಿಯ ಮಗಳು ಅವಳು. ಪಂಪ್‌ಹೌಸಿನ ಎದುರಿಗೇ ಟೆಂಪೆ, ಸೋಯಾಕಾಳಿನ ಬಿಲ್ಲೆ, ಕರಿದು ಮಾರುತ್ತಾಳೆ.

"ಸಮುದ್ರದ್ದು, ಯು."

"ಅದಕ್ಕೆ ಟೀವಿ ಯಾಕೆ? ನಮ್ಮನೇಲಿ ಕೂತ್ಕೋ, ಕಾಲ್ ಹತ್ರಾನೇ ಬಂದು ಆಟ ಆಡುತ್ತೆ."

ಪಾಕ್‌ದೆ ಕಾಸ್ಮಿನ್ ನಕ್ಕರು. ಅವರು ನನ್ನ ಮಾವನ ಅಣ್ಣ, ಗೇಟಿನ ಕೆಲಸದವರಲ್ಲಿ ಹಿರಿಯರು; ಪಾಕ್‌ದೆ ಎಂದರೆ ದೊಡ್ಡಪ್ಪ. "ನಿನ್ ಟೆಂಪೆ ತಿಂದ್ರೂ ಸಮುದ್ರ ಕುಡಿದ ಹಾಗೇ. ಎಣ್ಣೆ ಬದಲಾಯಿಸಿ ಎಷ್ಟು ದಿನ ಆಯ್ತೇ?"

"ನೀವು ಸ್ನಾನ ಮಾಡಿದ ದಿನ ಬದಲಾಯಿಸ್ದೆ, ಪಾಕ್‌ದೆ. ಲೆಕ್ಕ ಹಾಕ್ಕೊಳಿ."

ನಾನೂ ಬಾಯಿ ಅಗಲಿಸಿದೆ. ನಗು ಬಂದಂತೆ ಕಂಡಿರಬೇಕು.

ಎರಡು ಪರದೆಗಳ ಮೇಲ್ತುದಿಯಲ್ಲೂ 'ಶನಿವಾರ ಲೆಗಿ' ಎಂದಿತ್ತು. ವಾರದ ಏಳು ದಿನಗಳ ಜೊತೆ ನಮಗೆ ಸಂತೆಯ ಐದು ದಿನಗಳೂ ಓಡುತ್ತವೆ: ಲೆಗಿ, ಪಾಹಿಂಗ್, ಪೊನ್, ವಾಗೆ, ಕ್ಲಿವೊನ್. ಮದುವೆಗೂ ತಿಥಿಗೂ ಎರಡನ್ನೂ ಸೇರಿಸಿ ನೋಡುತ್ತೇವೆ. ಪಂಪ್‌ಹೌಸಿನ ಐವರಿಗೆ ಸಂತೆಯ ಒಂದೊಂದು ದಿನ ರಜೆ. ಇವತ್ತು ಯಾರದು ರಜೆ ಎಂಬುದನ್ನೂ ಆ ಫಲಕವೇ ದಿನದ ಹೆಸರಿನ ಕೆಳಗೆ ತೋರಿಸುತ್ತದೆ. ಎರಡು ಪರದೆಯಲ್ಲೂ ದಿನ ಒಂದೇ, ರಜೆಯ ಹೆಸರು ಒಂದೇ. ಕೆಳಗಿನ ಉಬ್ಬರದ ಗೆರೆ ಮಾತ್ರ ಬೇರೆ. ಎಡಗಡೆಯದು ಎತ್ತರದ ಅಲೆಯನ್ನು ಇವತ್ತು ನಾಳೆ ಎಂದು ತೋರಿಸಿ ಶುಕ್ರವಾರದ ಹೊತ್ತಿಗೆ ಚಪ್ಪಟೆಯಾಗುತ್ತಿತ್ತು. ಬಲಗಡೆಯದು ಇವತ್ತು ಚಪ್ಪಟೆಯಾಗಿ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಪರದೆಯ ತುದಿ ಮುಟ್ಟುತ್ತಿತ್ತು.

"ಹೊಸದಲ್ವಾ, ನ್ದುಕ್," ಎಂದರು ಪಾಕ್‌ದೆ, ಮಗಳೇ ಎನ್ನುವ ಹಾಗೆ. "ಹೊಸ ಸೊಸೆ ಥರ. ನಾಲ್ಕು ದಿನ ಹೋದ್ರೆ ಮನೆ ರೀತಿ ಕಲಿಯುತ್ತೆ."

ನಾನು ಒಂದು ಬಿದಿರಿಗೆ ಬಣ್ಣದ ಗೆರೆ ಬಳಿದು, ಗೇಟಿನ ಹೊರಗಡೆ ಕಲ್ಲುಗಳ ನಡುವೆ ನಿಲ್ಲಿಸಿದೆ. ಶನಿವಾರ, ಭಾನುವಾರ, ಸೋಮವಾರ, ಗಂಟೆಗೊಮ್ಮೆ ಹೋಗಿ ನೀರು ಎಲ್ಲಿದೆ ಎಂದು ಬರೆದುಕೊಂಡೆ. ಶನಿವಾರ ನೀರು ಮೊದಲ ಗೆರೆ ದಾಟಲಿಲ್ಲ. ಭಾನುವಾರ ಸ್ವಲ್ಪ ಏರಿತು. ಸೋಮವಾರ ಇನ್ನೂ ಒಂದು ಗೇಣು. ಪ್ರತಿ ಸಲವೂ ಅದು ಬಲಗಡೆಯ ಗೆರೆಗೆ ಎರಡು ಬೆರಳಿನೊಳಗೆ ಇತ್ತು. ಎಡಗಡೆಯದಕ್ಕೆ ಅದು ಯಾವ ರೀತಿಯಿಂದಲೂ ಹೊಂದುತ್ತಿರಲಿಲ್ಲ.

ಹಳೆಯದು ಸಮುದ್ರವನ್ನು ಅಳೆಯುತ್ತಿಲ್ಲವೇ ಎಂದು ನೋಡಲು ಗೋಡೆಯ ಹಿಂದಿನ ಕೊಳವೆಗೆ ಹೋದೆ. ನೀರಿನ ಮಟ್ಟ ಅಳೆಯುವ ಆ ಕೊಳವೆಯನ್ನು ಉಪ್ಪು ತಿಂದು ಹಾಕಿತ್ತು. ಒಳಗೆ ಏಡಿಗಳಿದ್ದವು. ಅದು ಸತ್ತದ್ದು ಹೋದ ಸೆಪ್ಟೆಂಬರಿನಲ್ಲಿ, ಆ ಡಿಸೆಂಬರಿಗೆ ಮೂರು ತಿಂಗಳು ಮೊದಲು, ಎಂದು ಡಿಸ್ಕಿನ ನಕಲಿನಲ್ಲಿ ಸಿಕ್ಕಿತು. ಕೊಳವೆ ಸತ್ತರೆ ಫಲಕ ನಿಲ್ಲುವುದಿಲ್ಲ. ಯಾರಿಗೂ ಹೇಳದೆ, ತಾರೀಖು ನೋಡಿ ಉಬ್ಬರವನ್ನು ತಾನೇ ಲೆಕ್ಕ ಹಾಕತೊಡಗುತ್ತದೆ. ಕಟ್ಟಿದವರು ಅದನ್ನು ಉಪಕಾರವೆಂದೇ ಮಾಡಿರಬೇಕು.

ಹಳೆಯ ಪರದೆಯ ಮೂಲೆಯಲ್ಲಿ ಸೆಂಬೊದೊ ಒಂದು ತುಂಡು ಕಪ್ಪು ಟೇಪು ಅಂಟಿಸಿದ್ದ. ನಾನು ಅದನ್ನು ಬಿರುಕು ಎಂದುಕೊಂಡಿದ್ದೆ. ಮಂಗಳವಾರ ಅದನ್ನು ಕಿತ್ತೆ. ಕೆಳಗೆ ತಾರೀಖು ಮತ್ತು ಇಸವಿ. ಇವತ್ತಿಗಿಂತ ಹನ್ನೆರಡು ದಿನ ಕಡಿಮೆ ಹತ್ತು ವರ್ಷ ಹಿಂದಿನದು. ಬೆರಳಲ್ಲಿ ಎಣಿಸಿದೆ, ಆಮೇಲೆ ಕಾಗದದಲ್ಲಿ. ಮೂರು ಸಾವಿರದ ಆರುನೂರ ನಲವತ್ತು ದಿನ.

ಆ ಸಂಖ್ಯೆ ನನಗೆ ಗೊತ್ತಿತ್ತು.

ಬೀಗದ ಆ ಜನವರಿಯಲ್ಲಿ, ಒಂದು ಮಧ್ಯಾಹ್ನ, ಸೆಂಬೊದೊ ಗ್ರಂಥಾಲಯಕ್ಕೆ ಫೋನು ಮಾಡಿದ್ದ. "ಒಂದು ಹಳೇ ದಿನ ಬೇಕು ಕಣೇ. ವಾರಾನೂ ಸಂತೇನೂ ಇವತ್ತಿನ ಹಾಗೇ ಇರ್ಬೇಕು. ಇಲ್ದಿದ್ರೆ ರಜೆ ತಪ್ಪಿ ಉಳಿದ ನಾಲ್ಕೂ ಜನ ನನ್ನ ಹರ್ಕೊಂಡು ತಿಂತಾರೆ. ಹತ್ತು ವರ್ಷ ಹತ್ತಿರ ಹಿಂದಿರ್ಲಿ, ಮುಂದಕ್ಕೆ ಉಸಿರಾಡೋಕೆ ಜಾಗ ಬೇಕು. ನೀನು ಓದಿದವಳು, ಬೇಗ ಹೇಳು." ವಾರವೂ ಸಂತೆಯೂ ಮೂವತ್ತೈದು ದಿನಕ್ಕೊಮ್ಮೆ ಜೊತೆಯಾಗುತ್ತವೆ. ಪುಸ್ತಕದ ಚೀಟಿಯ ಹಿಂದೆ ಗುಣಿಸಿದೆ. ನೂರ ನಾಲ್ಕು ಸುತ್ತು. ಒಂಬತ್ತು ನಿಮಿಷದಲ್ಲಿ ತಿರುಗಿ ಫೋನು ಮಾಡಿದೆ. "ಜಾಣೆ," ಎಂದ.

ಆ ತಾರೀಖಿನ ಮೇಲೆ ಬೇರೆ ಏನಾದರೂ ನಡೆಯುತ್ತದೆಯೇ ಎಂದು ನಾನು ಕೇಳಲಿಲ್ಲ. ಆಗ ಕೊಳವೆ ಬದುಕಿತ್ತು. ಕೇಳಿದ್ದರೂ ಅವನು ಇಲ್ಲ ಎನ್ನುತ್ತಿದ್ದನೇನೋ. ಆದರೆ ಕೇಳುವುದು ನನ್ನ ಕೆಲಸ. ನನಗೆ ಕಲಿಸಿದ್ದೇ ಅದು.

ನೂರ ನಾಲ್ಕು ಸುತ್ತಿನಲ್ಲಿ ವಾರ ಸರಿಯಾಗುತ್ತದೆ, ಸಂತೆ ಸರಿಯಾಗುತ್ತದೆ. ಚಂದ್ರ ಕಾಲು ಸುತ್ತು ತಪ್ಪುತ್ತಾನೆ. ಸಮುದ್ರ ಅವನನ್ನು ನೋಡಿ ಏರುತ್ತದೆ. ಹಳೆಯ ಕಂಪ್ಯೂಟರು ಹತ್ತು ವರ್ಷದ ಹಿಂದಿನ ಚಂದ್ರನನ್ನು ನೋಡಿ ಗೇಟು ಎತ್ತುತ್ತಿತ್ತು. ದಿನದ ಹೆಸರು ಸರಿಯಿದ್ದುದರಿಂದ ಯಾರೂ ಮತ್ತೆ ನೋಡಲಿಲ್ಲ. ಆಮೇಲೆ ಬಂದ ಸಣ್ಣಪುಟ್ಟ ನೀರನ್ನು ನೆಲ ಕುಸಿಯುತ್ತಿದೆ ಎಂದುಕೊಂಡು ಬಳಿದು ಹಾಕಿದರು.

ಎಡಗಡೆಯ ಪರದೆಯಲ್ಲಿ ಶುಕ್ರವಾರದ ಸಾಲು ಓದಿದೆ. 'ಇಳಿತ. ಗೇಟು ತೆರೆಯುವುದು ಹನ್ನೆರಡೂವರೆಗೆ. ಮುಚ್ಚುವುದು ನಾಲ್ಕೂವರೆಗೆ.'

ಬುಧವಾರ ಕ್ಲಿವೊನ್. ಪಾಕ್‌ದೆಗೆ ರಜೆ. ಅವರ ಮನೆಗೆ ಹೋದೆ. ಮೂರು ಸಲ ಎತ್ತರಿಸಿದ ನೆಲದ ಮೇಲೆ ಕೂತು ಬಲೆ ಹೆಣೆಯುತ್ತಿದ್ದರು. ಸೂರಿಗೆ ತಲೆ ತಗುಲದಂತೆ ನಾನೂ ಕೂತೆ. ಎಲ್ಲವನ್ನೂ ಹೇಳಿದೆ. ಸಂಖ್ಯೆ ನನ್ನದು ಎಂಬುದನ್ನೂ.

ಅವರು ಬಲೆ ಬಿಡಲಿಲ್ಲ. "ಗಡಿಯಾರ ಸರಿ ಮಾಡು ಹಾಗಾದ್ರೆ."

"ಸರಿ ತಾರೀಖು ಇಟ್ರೆ ಬೀಗ ಬೀಳುತ್ತೆ, ಪರದೆ ಸಾಯುತ್ತೆ. ಬೇರೆ ಹಳೇ ತಾರೀಖು ಇಡ್ಬಹುದು, ಹತ್ತೊಂಬತ್ತು ವರ್ಷ ಹಿಂದಕ್ಕೆ ಹೋದ್ರೆ ಚಂದ್ರ ಇದೇ ಜಾಗದಲ್ಲಿ ಇರ್ತಾನೆ. ಆದ್ರೆ ಅದಕ್ಕೆ ಪಾಸ್‌ವರ್ಡ್ ಬೇಕು, ಪಾಕ್‌ದೆ. ಅದು ಅವನಿಗೊಬ್ಬನಿಗೇ ಗೊತ್ತಿತ್ತು."

ನಾನು ತಿಳಿದದ್ದನ್ನೆಲ್ಲ ಹಾಕಿ ನೋಡಿದ್ದೆ. ಮದುವೆಯ ದಿನ, ಅವನ ತಾಯಿಯ ಹೆಸರು, ಬೈಕಿನ ಸಂಖ್ಯೆ. ನನ್ನ ಹೆಸರೂ ಅಲ್ಲ.

"ಆರಿಸಿಬಿಡು."

"ಆರಿಸಿದ್ರೆ ಗೇಟು ತಾನಾಗೇ ಎತ್ಕೊಳ್ಳುತ್ತೆ. ಮಳೆ ನೀರು ಒಳಗೇ ನಿಂತೀತು ಅಂತ ಹಾಗೆ ಕಟ್ಟಿದಾರೆ. ಮೋಟರಿನ ಕೀಲು ಬಿಚ್ಚಿ ಕೈಚಕ್ರದಲ್ಲಿ ಹಿಡೀಬೇಕು. ಇಲ್ಲಾಂದ್ರೆ ಇಲಾಖೆಯವರು ಮೋಟರಿನ ಪೆಟ್ಟಿಗೆ ಬೀಗ ತೆಗೀಬೇಕು."

ಅವರು ಗಂಟು ಹಾಕಿದರು. ಬಿಚ್ಚಿದರು. ಮತ್ತೆ ಹಾಕಿದರು. ಅಡುಗೆಮನೆಯಲ್ಲಿ ಅವರ ಹೆಂಡತಿ ಮೀನು ಹುರಿಯುವ ಸದ್ದು ನಿಂತಿತು.

"ಆ ನಸುಕಲ್ಲಿ ಗೇಟಿನ ಮೇಲೆ ಇದ್ದವನು ನಾನು," ಎಂದರು. "ನೀರು ಒಳಗಡೆ ಬರ್ತಾ ಇತ್ತು ನ್ದುಕ್. ಕಸ ಎಲ್ಲಾ ಉಲ್ಟಾ ತೇಲ್ಕೊಂಡು ಬರ್ತಿತ್ತು, ನಾನು ಕಣ್ಣಾರೆ ನೋಡ್ದೆ. ಒಳಗೆ ಹೋಗಿ ಪರದೆ ನೋಡ್ದೆ. ಇಳಿತ ಅಂತಿತ್ತು. ಹಸಿರು ದೀಪ. ನಲವತ್ತು ವರ್ಷ ಸಮುದ್ರ ನೋಡಿದವನು ನಾನು, ಆವತ್ತು ಪರದೆ ನಂಬ್ದೆ. ನಮ್ಮ ಹುಡುಗ ಕೂರ್ಸಿದ್ದು ಅಂತ."

"ಮತ್ತೆ?"

"ಮತ್ತೇನು. ಮ್ಬಾಹ್ ಸಾರಿನೆಮ್ ಮನೆಯಿಂದ ಕೂಗು ಕೇಳ್ತು."

ನಾನು ಎದ್ದೆ. ಅವರು ಬಲೆಯ ಮೇಲಿಂದ ತಲೆ ಎತ್ತದೆ ಹೇಳಿದರು: "ಇದನ್ನ ಲಸ್ಮಿ ಕಿವಿಗೆ ಹಾಕ್ಬೇಡ. ಅವಳ ಅಮ್ಮನ್ನ ಹೊತ್ತು ತಂದವನು ಸೆಂಬೊದೊ. ಅಷ್ಟಾದ್ರೂ ಅವಳಿಗೆ ಇರ್ಲಿ. ನಿನಗೂ ಇರ್ಲಿ."

ಗುರುವಾರ ಇಲಾಖೆಯಿಂದ ಬು ಹಾರ್ತಿನಿ ಬಂದರು. ಮೇಲ್ವಿಚಾರಕರು, ಐವತ್ತರ ಹೆಂಗಸು; ಬು ಎಂದರೆ ಅಮ್ಮಾವ್ರು. ಸೆಂಬೊದೊ ಸತ್ತಾಗ ನನ್ನ ಪಕ್ಕ ಇಡೀ ದಿನ ಕೂತಿದ್ದವರು. ಲಸ್ಮಿಯ ಹತ್ತಿರ ಟೆಂಪೆ ಕಟ್ಟಿಸಿಕೊಂಡು ಒಳಗೆ ಬಂದರು, ಎಣ್ಣೆ ತಾಗದಂತೆ ಕಾಗದಗಳನ್ನು ದೂರ ಇಟ್ಟರು.

"ನಲವತ್ತೊಂದು ಸಾಲು," ಎಂದರು. "ನಲವತ್ತಕ್ಕೆ 'ಹಳೆಯದರಂತೆಯೇ ಇದೆ' ಅಂತ ಗುರುತು ಹಾಕಿದೀಯ. ಒಂದೇ ಒಂದನ್ನ ಯಾಕೆ ಬಿಟ್ಟಿದೀಯಮ್ಮ?"

"ಅದು ಹಳೆಯದರ ಹಾಗಿಲ್ಲ, ಬು."

"ಆ ಥರ ಮಾಡು."

"ಹಳೆಯದು ತಪ್ಪಾಗಿದೆ."

ಅವರು ಟೆಂಪೆ ಮುರಿದರು. "ವೆನಿಂಗ್, ಹಳೇದು ಇಲಾಖೆ ಒಪ್ಕೊಂಡಿರೋದು. ಒಪ್ಕೊಂಡಿದ್ದು ತಪ್ಪಾಗಲ್ಲ, ಹಳೇದಾಗುತ್ತೆ ಅಷ್ಟೆ. ನಿನಗೆ ಕೊಟ್ಟ ಕೆಲಸ ಏನು? ಅದನ್ನೇ ಹೊಸದರಲ್ಲಿ ಓಡಿಸೋದು. ಚೆನ್ನಾಗಿ ಮಾಡಿದೀಯ. ಹಳೇದರಲ್ಲಿ ಇರೋ ತಾರೀಖನ್ನೇ ಇದಕ್ಕೂ ಇಡು, ಎರಡೂ ಒಂದೇ ತೋರ್ಸುತ್ತೆ, ಸಹಿ ಹಾಕು. ತಿದ್ದೋದೆಲ್ಲ ಆಮೇಲೆ ಇನ್ನೊಂದು ಅರ್ಜಿ."

ನಾನು ಬಿದಿರಿನ ಲೆಕ್ಕ ತೋರಿಸಿದೆ. ಕೊಳವೆಯಲ್ಲಿದ್ದ ಏಡಿಗಳ ಫೋಟೋ ತೋರಿಸಿದೆ. ಟೇಪು ಕಿತ್ತ ಮೂಲೆ ತೋರಿಸಿದೆ. ಅವರು ಬಹಳ ಹೊತ್ತು ಇಸವಿಯನ್ನು ನೋಡಿದರು. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು, ಆಮೇಲೆ ಹೋಯಿತು.

"ಡಿಸೆಂಬರಿನ ವರದಿ ಮುಗಿದಿದೆ," ಎಂದರು ಮೆಲ್ಲಗೆ. "ನೆಲ ಕುಸಿತ, ವಿಪರೀತ ಉಬ್ಬರ. ನಿನ್ನ ಗಂಡನ ಬಗ್ಗೆ ಒಂದು ಪೂರ್ತಿ ಪ್ಯಾರಾ ಇದೆ ಅದರಲ್ಲಿ. ಓದಿದೀಯಾ?"

"ಇಲ್ಲ."

"ಓದು. ಆಮೇಲೆ ಹೇಳು ಯಾವುದನ್ನ ತಿದ್ದಬೇಕು ಅಂತ."

"ನಾಳೆ ಹನ್ನೆರಡೂವರೆಗೆ ಗೇಟು ತೆರೆಯುತ್ತೆ, ಬು. ಮೂರಕ್ಕೆ ವರ್ಷದ ದೊಡ್ಡ ನೀರು. ಮೋಟರಿನ ಬೀಗದ ಕೈ ಕೊಟ್ಟು ಹೋಗಿ. ಒಂದು ದಿನ ಸಾಕು."

"ಪರೀಕ್ಷೆ ನಡೀವಾಗ ಯಾರೂ ಮುಟ್ಟೋ ಹಾಗಿಲ್ಲ. ನಿಯಮ ನಾನು ಮಾಡಿದ್ದಲ್ಲ." ಚೀಲ ಎತ್ತಿಕೊಂಡರು. ಬೀಗದ ಕೈ ಆ ಚೀಲದೊಳಗೆ ಸದ್ದು ಮಾಡಿತು. "ಸೋಮವಾರ ಮೇಲಿನವರನ್ನ ಕೇಳ್ತೀನಿ. ನೀನು ಸರಿಯಾಗಿ ಊಟ ಮಾಡ್ತಿದೀಯ ತಾನೆ? ಬಹಳ ಇಳಿದುಹೋಗಿದೀಯ."

ಕಾಗದ ಮೇಜಿನ ಮೇಲೆಯೇ ಇತ್ತು. ನಾನು ಸಹಿ ಮಾಡಲಿಲ್ಲ.

ಶುಕ್ರವಾರ ಪಾಹಿಂಗ್. ಪಾಹಿಂಗ್ ಸೆಂಬೊದೊನ ರಜೆಯ ದಿನ. ಯಾರೂ ಅವನ ಹೆಸರು ತೆಗೆದಿರಲಿಲ್ಲ. ಎರಡೂ ಪರದೆಯ ಮೇಲೆ 'ರಜೆ: ಸೆಂಬೊದೊ' ಎಂದಿತ್ತು. ಹನ್ನೊಂದೂವರೆಗೆ ಗಂಡಸರೆಲ್ಲ ಮಸೀದಿಗೆ ಹೋದರು. ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ಇರಲಿಲ್ಲ. ಸಮುದ್ರ ಎಣ್ಣೆಯ ಹಾಗೆ ನಯವಾಗಿ ಏರುತ್ತಿತ್ತು. ಬಿದಿರಿನ ಆರನೆಯ ಗೆರೆ ಆಗಲೇ ಮುಳುಗಿತ್ತು.

ಸುತ್ತಿಗೆ ತೆಗೆದುಕೊಂಡು ಗೇಟಿನ ಸೇತುವೆಗೆ ಹೋದಾಗ ಪಾಕ್‌ದೆ ಅಲ್ಲಿದ್ದರು. ಪ್ರಾರ್ಥನೆಯ ಟೋಪಿ, ಇಸ್ತ್ರಿ ಮಾಡಿದ ಲುಂಗಿ. ಮಸೀದಿಗೆ ಹೊರಟು ಇಲ್ಲಿಗೆ ಬಂದಿದ್ದರು.

"ಕೀಲು ತುಕ್ಕು ಹಿಡಿದಿದೆ," ಎಂದರು. "ಬೆಳಿಗ್ಗೆಯಿಂದ ಎಣ್ಣೆ ಬಿಡ್ತಾ ಇದೀನಿ."

ಸರದಿಯ ಮೇಲೆ ಹೊಡೆದೆವು. ಕೀಲು ಅಲುಗಲಿಲ್ಲ. ಅದು ಹೊರಬಂದರೆ ಮೋಟರು ಬರಿದೇ ತಿರುಗುತ್ತದೆ, ಗೇಟು ನಮ್ಮ ಕೈಗೆ ಬರುತ್ತದೆ. ಬರದಿದ್ದರೆ ಇಲ್ಲ. ನನ್ನ ಅಂಗೈ ಸುಲಿಯಿತು. ನೋವು ಎಲ್ಲೋ ಬೇರೆಯವರಿಗೆ ಆದಂತಿತ್ತು.

ಹನ್ನೆರಡೂವರೆಗೆ ಮೋಟರು ಹೊರಟಿತು. ಸರಪಳಿ ಬಿಗಿಯಾಯಿತು. ಗೇಟು ನರಳಿ ಒಂದು ಗೇಣು ಎದ್ದಿತು. ಕೆಳಗಿನಿಂದ ಸಮುದ್ರ ಒಳಗೆ ಚಿಮ್ಮಿತು, ಮೊದಲು ಕಂದು, ಆಮೇಲೆ ಹಸಿರು. ಕಾಲುವೆಯ ಕಸ ನಿಂತಿತು, ತಿರುಗಿತು, ಮನೆಗಳ ಕಡೆಗೆ ತೇಲತೊಡಗಿತು.

"ಉಲ್ಟಾ," ಎಂದರು ಪಾಕ್‌ದೆ. ಅವರ ಕೈ ಅಲ್ಲೇ ನಿಂತಿತು. ಡಿಸೆಂಬರಿನಲ್ಲಿ ಅವರು ಹೇಗೆ ನಿಂತಿದ್ದರೆಂದು ನಾನು ಆಗ ಕಂಡೆ.

"ಪಾಕ್‌ದೆ. ಹೊಡೀರಿ."

ಅವರು ಹೊಡೆದರು. ನಾಲ್ಕನೆಯ ಏಟಿಗೆ ಕೀಲು ಹಾರಿ ನೀರಿಗೆ ಬಿತ್ತು. ಮೋಟರು ಬರಿದೇ ಕಿರುಚತೊಡಗಿತು. ಇಬ್ಬರೂ ಚಕ್ರಕ್ಕೆ ಜೋತುಬಿದ್ದೆವು. ನೀರಿನ ಒತ್ತಡಕ್ಕೆ ಅದು ಅರ್ಧ ಸುತ್ತು ಬಂದು ನಿಂತಿತು.

ಆಗ ಮೂರನೆಯ ಜೊತೆ ಕೈಗಳು ಚಕ್ರದ ಮೇಲೆ ಬಿದ್ದವು. ಹಿಟ್ಟು ಮೆತ್ತಿದ ಕೈಗಳು. ಲಸ್ಮಿ ಬಾಣಲೆ ಬಿಟ್ಟು ಓಡಿ ಬಂದಿದ್ದಳು. "ಏನ್ ನೋಡ್ತಾ ಇದೀರ, ಮುದುಕ? ಸೊಂಟ ಹಾಕಿ ತಳ್ಳಿ!" ಎಂದಳು. ಮೂವರೂ ತಳ್ಳಿದೆವು. ಗೇಟು ಬೆರಳು ಬೆರಳಾಗಿ ಇಳಿಯಿತು. ತಳ ಮುಟ್ಟಿದಾಗ ಪಾಕ್‌ದೆ ಚಕ್ರಕ್ಕೆ ಸರಪಳಿ ಸುತ್ತಿ ಬೀಗ ಹಾಕಿದರು. ಒಳಗಿನ ಕಾಲುವೆ ಮೆಟ್ಟಿಲೊಂದನ್ನು ಮುಳುಗಿಸಿ ಅಲ್ಲೇ ನಿಂತಿತು.

ಲಸ್ಮಿ ಉಸಿರು ಬಿಡುತ್ತ ಗೋಡೆಯ ಮೇಲಿಂದ ಹೊರಗೆ ನೋಡಿದಳು. ಸಮುದ್ರ ಅವಳ ಎದೆಯ ಎತ್ತರಕ್ಕಿತ್ತು. ತಿರುಗಿ ಪಂಪ್‌ಹೌಸಿನ ಕಿಟಕಿಯೊಳಗೆ ನೋಡಿದಳು. ಹಳೆಯ ಪರದೆ ಅಲ್ಲಿಂದ ಕಾಣುತ್ತದೆ. ಹಸಿರು ದೀಪ ಉರಿಯುತ್ತಿತ್ತು.

"ಅದು ತೆರೆದಿದೆ ಅಂತಿದೆ," ಎಂದಳು.

"ಹೂಂ."

"ಇಳಿತ ಅಂತಿದೆ."

"ಹೂಂ, ಯು."

ಅವಳು ಮತ್ತೆ ಸಮುದ್ರ ನೋಡಿದಳು. ಕೈಯ ಹಿಟ್ಟನ್ನು ಬಟ್ಟೆಗೆ ಒರೆಸಿಕೊಂಡಳು, ಒಂದೊಂದೇ ಬೆರಳು. "ಡಿಸೆಂಬರಲ್ಲೂ ಹೀಗೇ ಅಂತಿತ್ತಾ?"

"ವೆನಿಂಗ್," ಎಂದರು ಪಾಕ್‌ದೆ.

ಸುಮ್ಮನಿರಬಹುದಿತ್ತು. ಗೇಟು ಮುಚ್ಚಿತ್ತು. ಆದರೆ ಕಾಗದ ಮೇಜಿನ ಮೇಲಿತ್ತು, ಸೋಮವಾರ ಯಾರಾದರೂ ಸಹಿ ಮಾಡುತ್ತಾರೆ, ಹೊಸ ಕೀಲು ಬರುತ್ತದೆ, ಜೂನಿನಲ್ಲಿ ಇನ್ನೊಂದು ದೊಡ್ಡ ನೀರಿದೆ. ಆ ಹೊತ್ತಿಗೆ ಈ ಹಸಿರು ದೀಪವನ್ನು ನಂಬದವರು ತಂಬಾಕ್ ವಾರುವಿನಲ್ಲಿ ಇಬ್ಬರಿಗಿಂತ ಹೆಚ್ಚು ಜನ ಇರಬೇಕು.

"ಹೀಗೇ ಅಂತಿತ್ತು," ಎಂದೆ. "ಅದರ ತಾರೀಖು ತಪ್ಪು. ಲೆಕ್ಕ ಹಾಕಿ ಕೊಟ್ಟವಳು ನಾನು. ಸೆಂಬೊದೊ ನಾನು ಹೇಳಿದ್ದನ್ನ ಹಾಕ್ದ. ನಿಮ್ಮಮ್ಮನ ಮನೆಗೆ ನೀರು ಬಂದದ್ದು ಗೇಟು ದಾಟಿ ಅಲ್ಲ, ಯು. ಗೇಟು ತೆರೆದೇ ಇತ್ತು."

ಅವಳ ಮುಖದಲ್ಲಿ ಏನೂ ಆಗಲಿಲ್ಲ. ಅಂಥ ಮುಖ ನನಗೆ ಪರಿಚಯ. ಕನ್ನಡಿಯಲ್ಲಿ ನೋಡಿದ್ದೇನೆ. ಬರಿದೇ ತಿರುಗುತ್ತಿದ್ದ ಮೋಟರು ಸುಟ್ಟ ವಾಸನೆ ಬಿಟ್ಟು ನಿಂತಿತು. ಆಗ ಅವಳು ಪಾಕ್‌ದೆಯ ಕಡೆ ತಿರುಗಿದಳು.

"ಆವತ್ತು ಗೇಟಲ್ಲಿ ನೀವಲ್ವಾ ಇದ್ದದ್ದು?"

"ನಾನೇ."

"ಕೈಯಲ್ಲಿ ಮುಚ್ಚೋಕೆ ಆಗ್ತಿತ್ತಾ? ಈಗ ಮುಚ್ಚಿದ ಹಾಗೆ?"

ಪಾಕ್‌ದೆ ಟೋಪಿ ತೆಗೆದರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡರು.

"ಆಗ್ತಿತ್ತು," ಎಂದರು.

ಲಸ್ಮಿ ಸೇತುವೆ ಇಳಿದು ಓಣಿಯಲ್ಲಿ ನಡೆದಳು. ಒಲೆ ಆರಿಸಲಿಲ್ಲ. ಎಣ್ಣೆ ಹೊಗೆಯಾಡುತ್ತಿತ್ತು. ನಾನು ಹೋಗಿ ಆರಿಸಿದೆ. ಮೊದಲ ಮನೆಯ ಗಿಡ್ಡ ಬಾಗಿಲಲ್ಲಿ ಅವಳು ಬಗ್ಗಿ ಒಳಗಿನವರಿಗೆ ಏನೋ ಹೇಳುವುದು ಕಾಣಿಸಿತು. ಆಮೇಲೆ ಎರಡನೆಯ ಮನೆ. ಆಮೇಲೆ ಬಾಗಿಲುಗಳಿಂದ ಹೆಂಗಸರು ಹೊರಗೆ ಬಂದು ನಿಂತರು. ಯಾರೂ ಜೋರಾಗಿ ಮಾತಾಡಲಿಲ್ಲ.

"ನೀನು ಮನೆಗೆ ಹೋಗು, ನ್ದುಕ್," ಎಂದರು ಪಾಕ್‌ದೆ. "ಚಕ್ರ ನಾನು ನೋಡ್ಕೋತೀನಿ."

"ಮೂರು ಗಂಟೆ ಆಗಲಿ."

ಮಸೀದಿಯ ಧ್ವನಿವರ್ಧಕ ನಿಂತಿತು. ನೀರು ಇನ್ನೂ ಎರಡು ಗೇಣು ಏರಬೇಕಿತ್ತು. ಗೇಟಿನ ಸಂದುಗಳಲ್ಲಿ ಅದು ಸಣ್ಣಗೆ ಸೀಟಿ ಹಾಕುತ್ತಿತ್ತು. ನಾನು ಹೊಸ ಕಂಪ್ಯೂಟರಿನ ಪರದೆಯನ್ನು ಕಿಟಕಿಯ ಕಡೆ ತಿರುಗಿಸಿಟ್ಟೆ, ಹೊರಗಿನಿಂದ ಎಲ್ಲರಿಗೂ ಕಾಣಲೆಂದು.

ಪ್ರಾರ್ಥನೆ ಮುಗಿಸಿದ ಗಂಡಸರು ಓಣಿಯ ಬಾಯಿಯಲ್ಲಿ ಕಾಣಿಸಿಕೊಂಡರು. ಹೆಂಗಸರು ಅವರನ್ನು ತಡೆದು ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಳಿ ಟೋಪಿಗಳೆಲ್ಲ ಒಂದೆಡೆ ಬಾಗಿದ್ದವು. ಆಮೇಲೆ ನೆಟ್ಟಗಾದವು. ಅವರು ಏರಿಯ ಮೇಲೆ ಬರತೊಡಗಿದರು, ಓಡದೆ, ಒಟ್ಟಾಗಿ. ಎಡಗಡೆ, ಗೋಡೆಯಾಚೆ, ಸಮುದ್ರ ಅವರ ಸೊಂಟದ ಎತ್ತರಕ್ಕೆ ತುಂಬಿ ನಿಂತಿತ್ತು. ಒಬ್ಬರೂ ಅತ್ತ ನೋಡುತ್ತಿರಲಿಲ್ಲ.